ದೊಡ್ಡತ್ತೆಯ ಕುರ್ಚಿ ಪರೀಕ್ಷೆ

ಚುನಾವಣೆ ಬಂತೆಂದರೆ ನಮ್ಮ ದೊಡ್ಡತ್ತೆಯ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಬೀದಿಯ ಮೂಲೆಯಲ್ಲಿ ಅವಳ ಫೋಟೊ ಸ್ಟುಡಿಯೊ. ಯಾವ ಪಕ್ಷದವರೇ ಆಗಲಿ, ಪೋಸ್ಟರಿಗೆ ಮುಖ ಬೇಕೆಂದರೆ ಅಲ್ಲಿನ ನೀಲಿ ಪರದೆಯ ಮುಂದೆ ಕೂರಲೇಬೇಕು. ಅತ್ತೆ ದೀಪ ಹಾಕಿ, ಕಾಲರ್ ಸರಿಮಾಡಿ, "ಹಾಗೇ ಇರಿ" ಎಂದು ಕ್ಯಾಮೆರಾದ ಹಿಂದೆ ಹೋಗುತ್ತಾಳೆ. ಆಮೇಲೆ ಫೋಟೊ ತೆಗೆಯುವುದೇ ಇಲ್ಲ! ಲೆನ್ಸ್ ಒರೆಸುವ ನಾಟಕವಾಡುತ್ತಾ ಸುಮ್ಮನೆ ಕಾಯಿಸುತ್ತಾಳೆ. ಆಗ ಮೀಸೆ ತೀಡಿದವನು ಅವಳ ಲೆಕ್ಕದಲ್ಲಿ ಜಂಬಗಾರ, ಮೊಬೈಲ್ ತೆಗೆದವನು ಚಂಚಲ, ಅವಸರ ಮಾಡಿದವನು ದುಡುಕಿನವನು. ಕದಲದೆ ಕೂತವನಿಗೆ ಮಾತ್ರ ಬುದ್ಧಿಯೂ ಇದೆ, ಗುಣವೂ ಇದೆ.

ಬೀದಿಯವರೂ ಇದನ್ನು ನಂಬುತ್ತಾರೆ. "ನಂಗೆ ಒಳಗಿಂದಾನೇ ಹೊಳೀತು ಕಣ್ರೀ" ಎಂದು ಅವಳು ಎದೆ ಮುಟ್ಟಿಕೊಂಡು ಹೇಳಿದರೆ ಮುಗಿಯಿತು. ಅವಳ ಮಾತು ಒಂದೆರಡು ಸಲ ನಿಜವಾದದ್ದುಂಟು. ಸುಳ್ಳಾದದ್ದನ್ನು ಯಾರೂ ನೆನಪಿಟ್ಟುಕೊಂಡಿಲ್ಲ, ಅವಳಂತೂ ಮೊದಲೇ ಇಲ್ಲ.

ಈ ಸಲ ನಮ್ಮ ವಾರ್ಡಿಗೆ ನಿಂತವಳು ಚಿಕ್ಕತ್ತೆ, ಅವಳ ಒಡಹುಟ್ಟಿದ ತಂಗಿ! ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಕೆಲಸ ಬಿಟ್ಟು ನಿಂತಿದ್ದಳು. ಎದುರಾಳಿ ಸಿಮೆಂಟ್ ಅಂಗಡಿಯ ಯಜಮಾನ. ಸ್ಪರ್ಧೆ ಎಷ್ಟು ಬಿಗಿಯಾಗಿತ್ತೆಂದರೆ, ನಮ್ಮ ಬೀದಿ ಯಾವ ಕಡೆ ವಾಲುತ್ತದೋ ಆ ಕಡೆಗೇ ಗೆಲುವು.

ಚಿಕ್ಕತ್ತೆ ಕುರ್ಚಿಯಲ್ಲಿ ಕೂತಳು. ದೊಡ್ಡತ್ತೆ ಲೆನ್ಸ್ ಒರೆಸತೊಡಗಿದಳು. ಸ್ವಲ್ಪ ಹೊತ್ತಿಗೇ ಚಿಕ್ಕತ್ತೆ ಎದ್ದುಬಿಟ್ಟಳು.

"ಅಕ್ಕಾ, ತೆಗಿಯೋದಾದ್ರೆ ತೆಗಿ. ಹೊರಗೆ ಜನ ಬಿಸಿಲಲ್ಲಿ ಕಾಯ್ತಿದ್ದಾರೆ."

ದೊಡ್ಡತ್ತೆಯ ಮುಖ ಇಳಿದುಹೋಯಿತು. ಅದೇ ಸಂಜೆ ಬಂದ ಸಿಮೆಂಟ್ ಯಜಮಾನ ಕಲ್ಲಿನ ಹಾಗೆ ಕೂತ. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡಲಿಲ್ಲ! ಅತ್ತೆ ಬಾಗಿಲಿಗೆ ಬಂದು ಬೀದಿಗೆಲ್ಲ ಕೇಳುವಂತೆ ಸಾರಿದಳು. "ತಂಗಿ ಆದ್ರೇನು, ನ್ಯಾಯ ನ್ಯಾಯಾನೇ! ತಾಳ್ಮೆ ಇರೋದು ಇವ್ರಿಗೇ!"

ಮರುದಿನದಿಂದಲೇ ಚಿಕ್ಕತ್ತೆಯ ಹಿಂದೆ ಬರುವವರು ಕಮ್ಮಿಯಾದರು. ನನಗೋ ಮೈಯೆಲ್ಲ ಉರಿ. ಚಿಕ್ಕತ್ತೆ ಮಾತ್ರ ಮೆಲ್ಲಗೆ ಹೇಳಿದಳು: "ಓಟು ಹೋಗ್ಲಿ ಬಿಡೇ. ಒಂದೇ ಹಾಸಿಗೇಲಿ ಮಲಗಿ ಬೆಳೆದವಳು ನಾನು. ನನ್ನ ಅಳೆಯೋಕೆ ಆ ಕುರ್ಚಿ ಬೇಕಾಯ್ತಾ ಅವಳಿಗೆ?" ಅವಳ ಕಣ್ಣು ತುಂಬಿತ್ತು.

ಮತದಾನದ ದಿನ ಇನ್ನೇನು ಹತ್ತಿರವಾಗಿತ್ತು. ನಾನು ಸ್ಟುಡಿಯೊದಲ್ಲಿ ಫೋಟೊಗಳನ್ನು ಕವರಿಗೆ ತುಂಬುತ್ತಿದ್ದಾಗ ಸಿಮೆಂಟ್ ಯಜಮಾನನ ಹೆಂಡತಿ ಬಂದರು. ದೊಡ್ಡತ್ತೆ ಕೊಟ್ಟ ಗಂಡನ ಫೋಟೊ ನೋಡಿ ಹಿಗ್ಗಿಹೋದರು.

"ಎಷ್ಟು ಚೆನ್ನಾಗಿ ಬಂದಿದೆ! ವಾರವೆಲ್ಲ ಗೋಡೆ ಮುಂದೆ ಕೂತು ಪ್ರಾಕ್ಟೀಸ್ ಮಾಡಿದ್ರು, ಪಾಪ. ನೀವು ಕಾಯಿಸ್ತೀರಂತ ಊರಿಗೇ ಗೊತ್ತಲ್ವಾ! ನಡುವೆ ಮಕ್ಕಳು ಮಾತಾಡ್ಸಿದ್ರೆ ಚಪ್ಪಲಿ ಎಸೀತಿದ್ರು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ದೊಡ್ಡತ್ತೆ ನಗಲಿಲ್ಲ. ಅಂಗಡಿಯ ಬಾಗಿಲನ್ನೂ ಹಾಕದೆ ಬೀದಿಗಿಳಿದು ಓಡಿದಳು, ಹಿಂದೆಯೇ ನಾನು. ಚಿಕ್ಕತ್ತೆ ಬಸ್ ನಿಲ್ದಾಣದ ಬಳಿ ಇದ್ದಷ್ಟು ಜನರ ಮುಂದೆ ಮಾತಾಡುತ್ತಿದ್ದಳು. ದೊಡ್ಡತ್ತೆ ಜನರನ್ನು ತಳ್ಳಿಕೊಂಡು ಮುಂದೆ ಹೋದಳು.

"ನನ್ನ ಮಾತು ಕೇಳ್ಬೇಡ್ರಪ್ಪಾ! ನಂಗೇನೂ ಹೊಳೆಯಲ್ಲ, ಮಣ್ಣಾಂಗಟ್ಟಿ! ನಿಮಗೇನು ಬೇಕೋ ಅವಳನ್ನೇ ಕೇಳಿ!" ಏದುಸಿರು ಬಿಡುತ್ತಲೇ ತಾನೇ ಮೊದಲು ಕೇಳಿಬಿಟ್ಟಳು. "ನಮ್ಮ ಸ್ಟುಡಿಯೊ ಮುಂದಿನ ಚರಂಡಿ ಯಾವಾಗ ಸರಿ ಮಾಡಿಸ್ತೀಯ, ಹೇಳು."

ಎಲ್ಲರೂ ಚಿಕ್ಕತ್ತೆಯತ್ತ ತಿರುಗಿದರು. ಅಕ್ಕನ ಬಾಯಿಂದ ಬೀದಿಯ ಓಟು ವಾಪಸ್ ಬರುವ ಹೊತ್ತು. ಹೂಂ ಅಂದರೆ ಸಾಕಿತ್ತು.

"ಈ ವರ್ಷ ಆಗಲ್ಲ ಅಕ್ಕಾ. ಮೊದಲು ಸ್ಕೂಲ್ ಹತ್ರದ್ದು. ಮಕ್ಕಳು ಅದನ್ನೇ ದಾಟ್ಕೊಂಡು ಹೋಗ್ತಾರೆ."

ದೊಡ್ಡತ್ತೆಯ ಮುಖ ಕೆಂಪಾಯಿತು. ಬೈಗುಳ ಬಂತೆಂದೇ ನಾನು ಅಂದುಕೊಂಡೆ.

"ಕೇಳಿದ್ರಾ!" ಎಂದು ಅವಳು ಕಿರುಚಿದಳು. "ನಂಗೇ ಇಲ್ಲ ಅಂದ್ಲು! ಸ್ವಂತ ಅಕ್ಕಂಗೆ! ಇಂಥವಳಿಗೆ ಓಟು ಹಾಕ್ದೆ ಇನ್ಯಾರಿಗ್ರೀ ಹಾಕ್ತೀರಾ?"

"ಮತ್ತೆ ಶುರುವಾಯ್ತು!" ಎಂದರು ಹಿಂದಿನಿಂದ ಯಾರೋ. ಜನ ಗೊಳ್ಳೆಂದು ನಕ್ಕರು. ಚಿಕ್ಕತ್ತೆ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ಕೈಯೆತ್ತಿ ನಿಂತಿದ್ದ ಮುಂದಿನವರ ಕಡೆ ತಿರುಗಿದಳು.

"ನಿಮ್ದೇನು, ಹೇಳಿ."