ಪಡಸಾಲೆಯ ನಡುವಿನ ಕಲ್ಲು

ಆಳಂದದ ಹಳೇ ಓಣಿಯಲ್ಲಿ ಮಾರಾಟಕ್ಕಿದ್ದ ಮನೆ ನೋಡಲು ಹೋಗಿದ್ದೆ. ಗೋಡೆಗಳು ಗಟ್ಟಿಯಾಗಿದ್ದವು. "ಗಾಳಿ ಭಾಳ ಚಲೋ ಬರ್ತದರಿ," ಅಂದ ದಲಾಲಿ.

ಚಹಾ ತಂದ ಮನೆಯೊಡತಿ ಪಡಸಾಲೆಯ ನಡುವಿನ ಕಲ್ಲನ್ನು ತುಳಿಯದೆ ಸುತ್ತಿಕೊಂಡು ಬಂದರು. ಕಲ್ಲು ಸಡಿಲಾಗಿರಬೇಕೆಂದು ನಾನು ಹಿಮ್ಮಡಿಯಿಂದ ಗುದ್ದಿ ನೋಡಿದೆ.

"ತುಳೀಬ್ಯಾಡ್ರಿ!" ಎಂದು ಕೂಗಿದರು. ಆಮೇಲೆ ತಾವೇ ಮೆಲ್ಲಗೆ ಹೇಳಿದರು. "ಕೆಳಗ ಜೋಳ ತುಂಬೋ ಹಗೇವು ಅದರಿ. ಮೊದಲು ಹತ್ತಿಸಿದ ಕಂದೀಲು ಇಳಿಸಿ ನೋಡ್ಬೇಕು, ಆರಿದ್ರ ಯಾರೂ ಇಳೀಬಾರದು. ಅವತ್ತು ಕಂದೀಲಿಗೆ ಎಣ್ಣಿ ಇರಲಿಲ್ಲ. ಏನಾಗ್ತದ ತಗೋ ಅಂತ ನಮ್ಮ ಮನಿಯವರು ಹಂಗೇ ಇಳದ್ರು. ಒಳಗ ಉಸಿರಾಡಾಕ ಗಾಳೀನೇ ಇರಲಿಲ್ಲರಿ. ಹೆಣಾನೇ ಮ್ಯಾಲ ತೆಗದ್ವಿ."

ನಾನು ಕಲ್ಲಿನಿಂದ ದೂರ ಸರಿದು ಚಹಾದ ಲೋಟ ಕೆಳಗಿಟ್ಟೆ.

ಹೊರಗೆ ಬಂದ ಮೇಲೆ ದಲಾಲಿ ಬೆವರು ಒರೆಸಿಕೊಂಡ. "ಹಿಂದಿನ ಓಣ್ಯಾಗ ಇನ್ನೊಂದು ಮನಿ ಅದರಿ. ಗಾಳಿ ಮಾತ್ರ ಸ್ವಲ್ಪ ಕಡಿಮಿ."