ಅಕ್ಕನ ತುಪ್ಪಳದ ಕೋಟು

ಆ ಮಧ್ಯಾಹ್ನ ಮೆಲ್ಕಾರಿನ ಅಂಗಡಿಯಲ್ಲಿ ನಾನು ನಿಂತಿದ್ದದ್ದು ಕನ್ನಡಿಯ ಎಡಗಡೆ. ಅಕ್ಕ ಕನ್ನಡಿಗೆ ಎದುರಾಗಿ ನಿಂತಿದ್ದಳು. ಅವಳ ಬಲಭುಜದ ಹತ್ತಿರ ಮದುವೆಯ ಹುಡುಗನ ಸೋದರತ್ತೆ, ಬಾಗಿಲ ಬಳಿ ಹುಡುಗ. ಇದನ್ನು ಮೊದಲೇ ಹೇಳುತ್ತೇನೆ. ಆಮೇಲೆ ಯಾರು ಎಲ್ಲಿದ್ದರು ಎಂಬುದರ ಮೇಲೆಯೇ ಬಹಳ ಮಾತಾಯಿತು.

ತೊಂಬತ್ತರ ದಶಕದ ನಡುವಿನ ಒಂದು ಬೇಸಗೆ. ಅಪ್ಪ ಬಂಟ್ವಾಳದಲ್ಲಿ ಖಾಸಗಿ ಬಸ್ಸುಗಳ ಟೈಮ್‌ಕೀಪರ್ ಆಗಿದ್ದರು. ಅಕ್ಕ ವಕೀಲರೊಬ್ಬರ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದಳು, ನಾನು ಕಾಲೇಜಿಗೆ ಹೋಗುತ್ತಿದ್ದೆ. ಅಕ್ಕನಿಗೆ ನಿಶ್ಚಯವಾದ ಹುಡುಗ ಬೆಳ್ತಂಗಡಿಯ ಕಡೆಯವನು, ಮಿಲಿಟರಿಯಲ್ಲಿ ಗುಮಾಸ್ತ. ಅವನಿದ್ದದ್ದು ಉತ್ತರದ ಯಾವುದೋ ಗುಡ್ಡದ ಊರಿನಲ್ಲಿ. ಚಳಿಗಾಲದಲ್ಲಿ ಅಲ್ಲಿ ನಲ್ಲಿಯ ನೀರು ಗಟ್ಟಿಯಾಗುತ್ತದೆಂದೂ ಮದುಮಗಳಿಗೆ ಒಂದು ದಪ್ಪ ಕೋಟು ಬೇಕೇ ಬೇಕೆಂದೂ ನಿಶ್ಚಿತಾರ್ಥದ ದಿನ ಅವನೇ ಹೇಳಿದ್ದ. ನಮ್ಮೂರಿನಲ್ಲಿ ಕೋಟು ಎಂದರೆ ವಕೀಲರ ಕಪ್ಪು ಕೋಟು. ಅದನ್ನೂ ಅವರು ಕೋರ್ಟಿನ ಮೆಟ್ಟಿಲಿಳಿಯುವ ಮೊದಲೇ ಕಳಚಿ ಕೈಮೇಲೆ ಹಾಕಿಕೊಳ್ಳುತ್ತಿದ್ದರು.

ಹುಡುಗನಿಗೆ ತಾಯಿ ಇರಲಿಲ್ಲ, ಸಾಕಿದ್ದು ಈ ಅತ್ತೆ. ಆದ್ದರಿಂದ ಮದುವೆಯ ಜವಳಿ ತೆಗೆಯಲು ಅವರೇ ಬಂದರು. ನಮ್ಮಲ್ಲಿ ಜವಳಿಗೆ ಎರಡು ಕಡೆಯವರೂ ಒಟ್ಟಿಗೆ ಹೋಗುತ್ತಾರೆ. ಧಾರೆಸೀರೆಯ ದುಡ್ಡು ಹುಡುಗನ ಕಡೆಯವರದ್ದು, ಆರಿಸುವುದೂ ಅವರೇ. ಯಾವುದು ಆಗಬಹುದೆಂದು ಹುಡುಗಿಯನ್ನು ಕೇಳುವುದುಂಟು. ಅವಳು ‘ನಿಮಗೆ ಕಂಡ ಹಾಗೆ’ ಎನ್ನಬೇಕು. ಅಮ್ಮನಿಗೆ ಬಸ್ಸು, ಕಾರು ಆಗುವುದಿಲ್ಲ. ವಾಂತಿ. ಅವಳ ಬದಲಿಗೆ ನಾನು ಹೋದೆ.

ಬೆಳಿಗ್ಗೆ ಮೂಡುಬಿದಿರೆಯ ಜವಳಿ ಅಂಗಡಿಯಲ್ಲಿ ಅತ್ತೆ ಸೀರೆಗಳನ್ನು ಪರೀಕ್ಷೆ ಮಾಡಿದರು. ಅದು ಎಲ್ಲರೂ ಮಾಡುವುದೇ. ಸೆರಗಿನ ತುದಿಯ ಗೊಂಡೆಯಿಂದ ಒಂದು ಎಳೆ ಎಳೆದು ಕಡ್ಡಿ ಗೀರಿ ಸುಡುವುದು. ಕೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ಅಸಲು ರೇಷ್ಮೆ, ಕರಗಿ ಉಂಡೆಯಾದರೆ ಮೋಸ. ಆದರೆ ಬೇರೆಯವರು ಒಂದು ಸೀರೆಗೆ ಮಾಡಿದರೆ ಅತ್ತೆ ತೆಗೆದ ಸೀರೆಗೆಲ್ಲ ಮಾಡಿದರು. ಬೆಂಕಿಪೆಟ್ಟಿಗೆಯನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡೇ ಬಂದಿದ್ದರು. ಸುಟ್ಟ ಎಳೆಯನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಅಕ್ಕನ ಮೂಗಿಗೂ ಹಿಡಿದರು.

“ನೋಡಿಕೋ. ನಮ್ಮ ಮನೆಗೆ ಬರುವ ವಸ್ತು ಹೀಗೆ ಬರಬೇಕು. ಸೀರೆಯಾಗಲಿ, ಸೊಸೆಯಾಗಲಿ.”

ಅಕ್ಕ ನಕ್ಕಳು. ಆಗ ಅದು ತಮಾಷೆಯೆಂದು ನಾವೆಲ್ಲ ತಿಳಿದಿದ್ದೆವು.

ಊಟ ಮುಗಿಸಿ ಬಾಡಿಗೆ ಕಾರಿನಲ್ಲಿ ಮೆಲ್ಕಾರಿಗೆ ಬಂದೆವು. ಮದುವೆಯ ದಿನದ ಬಸ್ಸಿನ ಮಾತಾಡಲು ಅಪ್ಪ ರಸ್ತೆಯಾಚೆ ಹೋದರು. ಗಲ್ಫಿನ ಸೆಂಟು, ಟಾರ್ಚು, ಕಂಬಳಿ ಮಾರುವ ಆ ಅಂಗಡಿಯಲ್ಲಿ ಕೋಟು ಇದೆಯೆಂದು ವಿಚಾರಿಸಿ ಇಟ್ಟವರು ಅವರೇ. ಅಂಗಡಿಯವರು ವಯಸ್ಸಾದ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನರು, ಬಹಳ ವರ್ಷ ದುಬೈಯಲ್ಲಿದ್ದು ಬಂದವರು. ಕಂಬಳಿಯ ಮೂಟೆಯೊಂದಿಗೆ ಎರಡು ಹೆಂಗಸರ ಕೋಟುಗಳು ತಪ್ಪಿ ಬಂದಿದ್ದವು. ಕೇಳುವವರಿಲ್ಲದೆ ಪ್ಲಾಸ್ಟಿಕ್ಕಿನೊಳಗೆ ನೇತಾಡುತ್ತಿದ್ದವು.

ಕರೆಂಟು ಹೋಗಿತ್ತು. ದುಡ್ಡಿನ ಮೇಜಿನ ಮೇಲೆ ಒಂದು ಮೇಣದಬತ್ತಿ ಉರಿಯುತ್ತಿತ್ತು. ಮೇಜು ಇದ್ದದ್ದು ಅಂಗಡಿಯ ಆ ಕೊನೆಯಲ್ಲಿ, ಕನ್ನಡಿ ಈ ಕೊನೆಯಲ್ಲಿ ಬಾಗಿಲ ಬೆಳಕಿಗೆ.

ಒಂದು ಕೋಟು ಬೂದು ಬಣ್ಣದ್ದು, ಉದ್ದ, ಅಗಲ. ಇನ್ನೊಂದು ಕಂದು, ಮೈತುಂಬ ತುಪ್ಪಳ, ಸೊಂಟದಲ್ಲಿ ಸ್ವಲ್ಪ ಒಳಗೆ ಹಿಡಿದದ್ದು. ಅಕ್ಕ ಕುಳ್ಳಗೆ. ಬೂದು ಕೋಟು ಹಾಕಿದಾಗ ಅದರ ತುದಿ ನೆಲ ಗುಡಿಸಿತು, ಬೆರಳುಗಳು ತೋಳಿನೊಳಗೆ ಮಾಯವಾದವು.

“ಇದೇ ಆಗ್ಬಹುದು,” ಎಂದರು ಅತ್ತೆ. “ನಾಳೆ ಒಂದೆರಡು ಹೆತ್ತರೆ ಹೇಗೂ ಮೈ ಬರ್ತದೆ.”

ಅಕ್ಕ ಅದನ್ನು ಬಿಚ್ಚಿ ಕಂದು ಕೋಟು ಹಾಕಿದಳು. ಅದು ಅವಳಿಗೇ ಹೊಲಿದ ಹಾಗಿತ್ತು. ಸೆಕೆಯಲ್ಲಿ ಹಣೆಯಿಂದ ಬೆವರು ಇಳಿಯುತ್ತಿದ್ದರೂ ಅವಳು ಕೊರಳಿನ ಗುಂಡಿಯವರೆಗೆ ಹಾಕಿಕೊಂಡು, ಪಕ್ಕಕ್ಕೆ ತಿರುಗಿ ನೋಡಿಕೊಂಡಳು. ಕಾಲರು ಅವಳ ಗಲ್ಲವನ್ನು ಮುಟ್ಟುತ್ತಿತ್ತು. ಅವಳು ಅಷ್ಟು ಚೆಂದ ಕಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ನನಗೆ ಇದು ಬೇಕು,” ಎಂದಳು.

ಅವಳು ಹೇಳಬೇಕಾದ ಮಾತು ಅದಾಗಿರಲಿಲ್ಲ.

“ಯಕ್ಷಗಾನದ ರಕ್ಕಸನ ಬಣ್ಣದ ವೇಷದ ಹಾಗೆ ಉಂಟು,” ಎಂದರು ಅತ್ತೆ. “ಮುಖಕ್ಕೆ ಬಣ್ಣ ಬಳಿಯುವುದೊಂದು ಬಾಕಿ.” ಮತ್ತೆ ಹುಡುಗನ ಕಡೆ ತಿರುಗಿ, “ಏನಾ, ನಿನಗೆ ಹೇಗೆ ಕಾಣ್ತದೆ?”

“ನೀವು ನೋಡಿ ಅತ್ತೆ,” ಎಂದ ಅವನು.

ಕ್ರಯ ಕೇಳಿದರು. ಬೂದು ಕೋಟಿಗಿಂತ ಇದಕ್ಕೇ ಕಡಿಮೆ. ಅತ್ತೆಯ ಹುಬ್ಬು ಗಂಟಾಯಿತು.

“ಇದು ಎಂಥದ್ದು ಬ್ಯಾರಿಗಳೇ? ಪ್ರಾಣಿಯ ಚರ್ಮವಾ?”

“ಅಲ್ಲಮ್ಮ, ನೈಲಾನ್. ಅದಕ್ಕೇ ಈ ರೇಟು. ಚರ್ಮದ್ದಾದರೆ ನಾನೂ ನೀವೂ ಮುಟ್ಲಿಕ್ಕಿಲ್ಲ, ಅಷ್ಟು ಕ್ರಯ.”

“ಅದು ನೀವು ಹೇಳುವುದಲ್ವಾ. ಚರ್ಮದ್ದಾದರೆ ನಮ್ಮ ಹೊಸ್ತಿಲು ದಾಟ್ಲಿಕ್ಕಿಲ್ಲ. ನಾನು ನೋಡ್ತೇನೆ.”

ಕಾಲರಿನಿಂದ ಒಂದು ಎಳೆ ಕೀಳಲು ನೋಡಿದರು, ಬರಲಿಲ್ಲ. ಉಗುರು ಸೇರಿಸಿ ಮತ್ತೆ ಎಳೆದರು. ಆಗಲೂ ಬರಲಿಲ್ಲ. ಅಕ್ಕ, “ಬಿಚ್ಚಿ ಕೊಡ್ತೇನೆ,” ಎಂದು ಗುಂಡಿಗೆ ಕೈ ಹಾಕಿದಳು.

“ಬಿಚ್ಚುವುದೆಲ್ಲ ಬೇಡ. ತುದಿಗೆ ಒಂಚೂರು ಅಷ್ಟೆ. ಅಲ್ಲಾಡಬೇಡ.”

ಅವರು ಬ್ಯಾಗಿನಿಂದ ಕರವಸ್ತ್ರ ತೆಗೆದದ್ದನ್ನು ನಾನು ಕಂಡೆ. ಮೇಜಿನ ಹಿಂದಿದ್ದ ಅಂಗಡಿಯವರೂ ಕಂಡಿರಬೇಕು. “ಬೆಂಕಿ ಬೇಡಮ್ಮ, ಅದಕ್ಕೆ ಬೆಂಕಿ ಆಗುವುದಿಲ್ಲ,” ಎಂದು ಗಟ್ಟಿಯಾಗಿ ಹೇಳಿದರು. ಅವರ ಮಾತು ಮುಗಿಯುವುದರೊಳಗೆ ಕಡ್ಡಿ ಗೀರಿಯಾಗಿತ್ತು.

ರೇಷ್ಮೆಯ ಎಳೆ ನಿಧಾನ ಉರಿಯುತ್ತದೆ. ಇದು ಹಾಗೆ ಉರಿಯಲಿಲ್ಲ. ಕಾಲರಿನ ಬಲತುದಿಯಿಂದ ನೀಲಿ ಬೆಂಕಿ ತುಪ್ಪಳದ ಮೇಲೆಯೇ ಓಡಿತು, ಒಣಹುಲ್ಲಿನ ಮೇಲೆ ಓಡುವ ಹಾಗೆ. ಅಕ್ಕ ಕೂಗಲಿಲ್ಲ. ಕನ್ನಡಿಯಲ್ಲಿ ಅದನ್ನು ನೋಡುತ್ತಿದ್ದಳು. ಅತ್ತೆ ಕಡ್ಡಿಯನ್ನು ಕೆಳಗೆ ಹಾಕಿದರು. ಹುಡುಗ ಹಿಂದೆ ಸರಿದು ಹೊಸ್ತಿಲಿನ ಆಚೆ ಇಳಿದ. ನಾನು ಕನ್ನಡಿಯ ಪಕ್ಕದಲ್ಲೇ ನಿಂತಿದ್ದೆ. ಅಂಗಡಿಯವರು ಮೇಜು ಹಾರಿ ಬಂದು ಹಿಂದಿನಿಂದ ಕೋಟಿನ ಎರಡು ಭುಜಗಳನ್ನೂ ಹಿಡಿದು ಒಂದೇ ಎಳೆತಕ್ಕೆ ಕೆಳಗೆಳೆದರು. ಗುಂಡಿಗಳು ಹಾರಿದವು. ಕೋಟನ್ನು ನೆಲಕ್ಕೆ ಹಾಕಿ ತುಳಿದು, ಕುಡಿಯುವ ನೀರಿನ ಕೊಡವನ್ನು ಮೊದಲು ಅಕ್ಕನ ಹೆಗಲಿಗೆ, ಉಳಿದದ್ದನ್ನು ಕೋಟಿಗೆ ಸುರಿದರು.

ಅವಳ ಬಲಕಿವಿಯಲ್ಲೂ ಅದರ ಕೆಳಗಿನ ಕುತ್ತಿಗೆಯಲ್ಲೂ ಬೊಬ್ಬೆ ಎದ್ದಿತು. ಜಡೆಯ ಬದಿಯ ಕೂದಲು ಸುಟ್ಟಿತು. ಅಂಗಡಿಯೊಳಗೆ ತುಂಬಿದ್ದು ಬೆಳಿಗ್ಗೆ ಅತ್ತೆ ಮೂಸಿ ಮೂಸಿ ನೋಡಿದ್ದ ವಾಸನೆಯೇ.

ಅತ್ತೆಯ ಮೊದಲ ಮಾತು: “ಈ ಕೋಟಿಗೆ ನಾವು ಒಂದು ಪೈಸೆ ಕೊಡುವುದಿಲ್ಲ.”

ಅಂಗಡಿಯವರು ಕೊಡಿ ಎನ್ನಲಿಲ್ಲ. ಓಡಿಬಂದ ಅಪ್ಪನಿಗೆ ಪಕ್ಕದ ಕ್ಲಿನಿಕ್ಕಿನ ದಾರಿ ತೋರಿಸಿದರು.

ಕೆಲವು ದಿನಗಳ ನಂತರ ಅತ್ತೆ ಮತ್ತು ಹುಡುಗ ನಮ್ಮ ಮನೆಗೆ ಬಂದರು. ಕಿವಿಗೆ ಬ್ಯಾಂಡೇಜು ಕಟ್ಟಿಕೊಂಡ ಅಕ್ಕ ಜಗಲಿಯ ಬಾಗಿಲಿಗೆ ಒರಗಿ ನಿಂತಳು. ಅತ್ತೆ ಅಪ್ಪನಿಗೆ ಹೇಳಿದರು, ಅಂಗಡಿಯ ಮೇಣದಬತ್ತಿ ತಾಗಿ ಹಾಗಾದದ್ದು, ಅದೇ ನೆವದಲ್ಲಿ ಆ ಬ್ಯಾರಿ ಮದುಮಗಳ ಮೈಗೆ ಕೈ ಹಾಕಿದ, ಬೆಳ್ತಂಗಡಿಯಲ್ಲೆಲ್ಲ ಸುದ್ದಿಯಾಗಿದೆ, ಆದರೂ ಮದುವೆ ನಡೆಸಲು ತಾವು ತಯಾರು, ನೀವು ಮಾತ್ರ ಕೇಳಿದವರಿಗೆ ಹೀಗೆಯೇ ಹೇಳಬೇಕು.

ಅಪ್ಪ ಹುಡುಗನನ್ನು ನೋಡಿದರು. “ಹೌದಾ?”

“ಮೇಣದಬತ್ತಿಯೇ ಮಾವ,” ಎಂದ ಅವನು, ಚಹದ ಲೋಟವನ್ನು ನೋಡುತ್ತ.

ಅಪ್ಪ ನನ್ನ ಕಡೆ ತಿರುಗಿದರು. ದಿನವಿಡೀ ಸಾಕ್ಷಿಗಳ ಹೇಳಿಕೆ ಟೈಪ್ ಮಾಡುವ ಅಕ್ಕ ಸಮಾಧಾನವಾಗಿಯೇ ಹೇಳಿದಳು, “ಕಂಡದ್ದು ಮಾತ್ರ ಹೇಳು ಮಾರಾಯ್ತಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ.”

ಮೇಲೆ ಬರೆದದ್ದನ್ನೇ ಹೇಳಿದೆ. ಎಡವಿ ಎಡವಿ ಹೇಳಿದೆ. ಮೇಜು ಎಲ್ಲಿತ್ತು, ಕಡ್ಡಿ ಯಾರ ಕೈಯಲ್ಲಿತ್ತು, ಅಂಗಡಿಯವರು ಮೊದಲೇ ಏನು ಹೇಳಿದರು.

“ನಿನ್ನೆ ಮೊನ್ನೆಯ ಹುಡುಗಿ, ಹೆದರಿ ಏನೇನೋ ಕಂಡಿದ್ದಾಳೆ,” ಎಂದರು ಅತ್ತೆ.

ಅಕ್ಕ ಹುಡುಗನನ್ನು ಕೇಳಿದಳು. “ನಾನು ಕನ್ನಡಿಯಲ್ಲಿ ಎಲ್ಲ ನೋಡ್ತಾ ಇದ್ದೆ. ನೀವು ಹೊಸ್ತಿಲು ಇಳಿದದ್ದೂ ಕಂಡಿತು. ಬೆಂಕಿಗೆ ಯಾರಾದರೂ ಹೆದರ್ತಾರೆ, ಅದಕ್ಕೆ ನಾನು ಏನೂ ಹೇಳುವುದಿಲ್ಲ. ಈಗ ಇಲ್ಲಿ ಬೆಂಕಿ ಉಂಟಾ?”

ಅವನು ಲೋಟ ಕೆಳಗಿಟ್ಟ. ಅತ್ತೆಯ ಮುಖ ನೋಡಿದ. ಅಕ್ಕ ಕಾಯುವಷ್ಟು ಹೊತ್ತು ಕಾದಳು, ಮತ್ತೆ ಒಳಗೆ ಹೋಗಿ, ರವಿಕೆ ಹೊಲಿಸಲೆಂದು ನಮ್ಮಲ್ಲೇ ಉಳಿದಿದ್ದ ಸೀರೆಗಳನ್ನು ತಂದು ಅವರ ನಡುವೆ ಇಟ್ಟಳು.

ಜಗಳವಾಯಿತು. ನಮ್ಮ ಮನೆತನದ ಬಗ್ಗೆ, ಅಕ್ಕನ ಆಫೀಸಿನ ಬಗ್ಗೆ, ಇನ್ನು ಸುಟ್ಟ ಕಿವಿಯವಳನ್ನು ಯಾರು ಕೇಳುತ್ತಾರೆಂಬ ಬಗ್ಗೆ ಅತ್ತೆ ಬಹಳ ಆಡಿದರು. ಅವನ್ನೆಲ್ಲ ಬರೆಯುವುದಿಲ್ಲ. ಏಳುವ ಮೊದಲು ಅವರು ಕುಳಿತಲ್ಲೇ ಸೀರೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಧಾರೆಸೀರೆಯ ಸೆರಗು ಹಿಡಿದು, ಗೊಂಡೆಯನ್ನು ಬೆಳಕಿಗೆ ತಿರುಗಿಸಿದರು.

“ಇಲ್ಲಿಂದ ಎಳೆ ಎಳೆದದ್ದು ಯಾರು?”

“ಅದೂ ನೀವೇ,” ಎಂದಳು ಅಕ್ಕ.