ಬಿಸಿಲು ಬಿದ್ದ ಗುರುವಾರ

ಚೊಚ್ಚಲ ಬಾಣಂತನ ತವರಿನದು. ನಮ್ಮ ಅವ್ವ ತೀರಿಕೊಂಡಿದ್ದಳು, ಹಾಗಾಗಿ ಗಜೇಂದ್ರಗಡದ ನನ್ನ ಮನೆಯೇ ತಂಗಿಗೆ ತವರು. ಯಾವಗಲ್‌ಗೆ ಕೊಟ್ಟಿದ್ದ ಅವಳಿಗೆ ಒಂಬತ್ತು ತುಂಬುತ್ತ ಬಂದಿತ್ತು. ಕರೆತರಲು ಹೊರಡಬೇಕು ಅನ್ನುವಾಗಲೇ ಮಳೆ ಹಿಡಿಯಿತು.

ಮಗ್ಗದ ಕುಣಿಯಲ್ಲಿ ನೀರು ಜಿನುಗಿ ಕಾಲಿಡಲು ಬರುತ್ತಿರಲಿಲ್ಲ. ಸೀರೆ ಅರ್ಧಕ್ಕೇ ನಿಂತಿತ್ತು. ಕೈಗೆ ಕೆಲಸವಿಲ್ಲದೆ ಮೊಬೈಲಿನಲ್ಲಿ ವಾರದ ಹವಾಮಾನ ನೋಡುತ್ತ ಕೂರುತ್ತಿದ್ದೆ. ಬುಧವಾರದವರೆಗೆ ಮೋಡ, ಮಳೆ, ಗುರುವಾರದಿಂದ ಬಿಸಿಲು. ಯಾವಗಲ್ ಕಡೆಯ ರೋಣ ಎಂದು ಹಾಕಿ ನೋಡಿದರೂ ಅದೇ.

“ಗುರುವಾರನ ಬಾ ಅಕ್ಕಾ,” ಎಂದಳು ತಂಗಿ ಫೋನಿನಲ್ಲಿ. “ಈಗ ದಾರಿ ಪೂರಾ ರಾಡಿ ಆಗೇತಿ.”

ಗುರುವಾರ ನಿಜಕ್ಕೂ ಬಿಸಿಲು ಬಿತ್ತು. ರೋಣದಲ್ಲಿ ಬಸ್ಸು ಬದಲಿಸಿದೆ. ಯಾವಗಲ್ ಇನ್ನೇನು ಬಂತು ಎನ್ನುವಾಗ ಬಸ್ಸು ನಿಂತಿತು. ಹಳ್ಳ ಸೇತುವೆಯ ಮೇಲೆ ಹರಿಯುತ್ತಿತ್ತು, ಜಾಲಿಗಿಡಗಳನ್ನು ಬುಡಸಮೇತ ಹೊತ್ತುಕೊಂಡು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

“ಇದು ಇಲ್ಲಿ ಮಳಿ ಅಲ್ರಿ,” ಎಂದರು ಕಂಡಕ್ಟರ್. “ನಿನ್ನಿ ಹುಬ್ಬಳ್ಳಿ ಕಡೆ ಸುರದೈತಿ. ಆ ನೀರು ಇವತ್ತ ಇಲ್ಲಿಗೆ ಬಂದೈತಿ.”

ಅಷ್ಟರಲ್ಲಿ ತಂಗಿಯ ಗಂಡನ ಫೋನು. “ಅಕ್ಕಾರ, ಬ್ಯಾನಿ ಸುರು ಆಗ್ಯಾವ್ರಿ. ಎಲ್ಲಿದ್ದೀರಿ?”

“ಹಳ್ಳದ ದಂಡಿಗೆ ನಿಂತೀನಿ. ನರಗುಂದದ ದವಾಖಾನಿಗರ ಕರ್ಕೊಂಡ ಹೋಗ್ರಿ.”

“ಆ ದಾರಿನೂ ನೀರಾಗ ಐತ್ರಿ. ಆಂಬುಲೆನ್ಸ್ ಬರಾಕ ಆಗೂದಿಲ್ಲ. ಸೂಲಗಿತ್ತಿ ಆಯಿನ್ನ ಕರಸೇನಿ.”

ದಂಡೆಯಲ್ಲಿ ನಿಂತಿದ್ದ ಒಬ್ಬೊಬ್ಬ ಟ್ರ್ಯಾಕ್ಟರಿನವನ ಹತ್ತಿರವೂ ಹೋಗಿ ಕೈಮುಗಿದೆ. ಯಾರೂ ಒಪ್ಪಲಿಲ್ಲ, ಒಪ್ಪುವಂತೆಯೂ ಇರಲಿಲ್ಲ. ನಾನೇ ನೀರಿಗಿಳಿದೆ. ಮೊಣಕಾಲು ಮುಳುಗುವಷ್ಟರಲ್ಲಿ ಕಾಲು ಕಿತ್ತು ಹೋದಂತಾಯಿತು. ಇಬ್ಬರು ರಟ್ಟೆ ಹಿಡಿದು ಹಿಂದಕ್ಕೆಳೆದರು.

ಮತ್ತೆ ಫೋನು ಬಂದಾಗ ತಂಗಿಯೇ ಮಾತಾಡಿದಳು. ಮಾತಿಗಿಂತ ಉಸಿರೇ ಹೆಚ್ಚು ಕೇಳುತ್ತಿತ್ತು.

“ನೀರು ಇಳೀತೇನ ಅಕ್ಕಾ?”

“ಇಳ್ಯಾಕತ್ತೈತಿ. ಬಂದ ಬಿಟ್ಟೆ ತಡಿ.”

ನೀರು ಏರುತ್ತಿತ್ತು.

ಆಮೇಲೆ ಬಹಳ ಹೊತ್ತು ಫೋನು ಹತ್ತಲೇ ಇಲ್ಲ. ಬಿಸಿಲಿಗೆ ಡಾಂಬರು ಕಾದು, ನನ್ನ ಒದ್ದೆ ಸೀರೆ ಮೈಮೇಲೇ ಒಣಗಿತು. ಕೊನೆಗೆ ಅವಳ ಗಂಡ ಮಾಡಿದ. ಅವನ ಹಿಂದೆ ಕೂಸಿನ ದನಿಗಾಗಿ ಕಿವಿಗೊಟ್ಟೆ. ಹೆಂಗಸರ ಗದ್ದಲ ಬಿಟ್ಟರೆ ಏನೂ ಇರಲಿಲ್ಲ.

“ಕೂಸು ಅಳಲಿಲ್ರಿ ಅಕ್ಕಾರ,” ಎಂದ. “ಹೆಣ್ಣಿತ್ತು.”

ಹೊತ್ತು ಮುಳುಗುವ ಮೊದಲು ನೀರು ಇಳಿಯಿತು. ದಾಟಿದ ಮೊದಲ ಟ್ರ್ಯಾಕ್ಟರಿನಲ್ಲಿ ನಾನಿದ್ದೆ. ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಕೈ ಮುಟ್ಟಿದೊಡನೆ ಹೊರಳಿ ಕೇಳಿದ್ದು ಒಂದೇ ಮಾತು: “ನಿನ್ನ ಮನಿಗೆ ಕರ್ಕೊಂಡ ನಡಿ.”

ರೋಣದ ದವಾಖಾನೆಯಲ್ಲಿ ತೋರಿಸಿ, ಮನೆಗೆ ಕರೆತಂದೆ. ಬಾಣಂತನ ಮಾಡಿದೆ, ಎಣ್ಣೆ, ಬಿಸಿನೀರು, ಕೆಂಡದ ಕಾವು, ಏನೂ ತಪ್ಪಿಸಲಿಲ್ಲ. ಕೂಸು ನೋಡಲೆಂದು ಬಂದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದೆ. ಅವಳಿಗೆ ಹಾಲು ಬಂತು. ಹಳೆಯ ಸೀರೆ ಹರಿದು ಎದೆಗೆ ಬಿಗಿದು ಕಟ್ಟಿದರೂ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಅವಳು ತಾನಾಗಿಯೇ ಎದ್ದು ಬಂದು ನೂಲು ಸುತ್ತುವ ರಾಟೆಯ ಮುಂದೆ ಕೂತಳು. ಬೇಡ, ಮಲಗು ಎಂದೆ.

“ಮಲಗಿದ್ರ ಭಾಳ ಸೋರತೈತಿ ಅಕ್ಕಾ,” ಎಂದಳು.

ಕುಪ್ಪಸ ತೊಯ್ಯುತ್ತಿತ್ತು. ಅವಳು ರಾಟೆ ತಿರುಗಿಸುತ್ತಲೇ ಇದ್ದಳು. ನಾನು ಪಕ್ಕದಲ್ಲಿ ಕೂತು ಎಳೆ ಹಿಡಿದೆ.